ಸದ್ದಿಲ್ಲದ ಕಾರು

೧೨-೭-೧೯೬೩, ಶುಕ್ರವಾರ. ಜಯನಗರ.

ಕಾರಿಗೆ ಹೊಸ ಸೈಲೆನ್ಸರ್ ಹಾಕಿಸಿ ತಪ್ಪು ಮಾಡಿದೆನೋ ಏನೋ. ಹಳೆಯ ಪೈಪು ಮಸಿ ಕಟ್ಟಿ ಕಾರು ದಿಣ್ಣೆ ಹತ್ತುತ್ತಿರಲಿಲ್ಲ. ಅದರ ಸದ್ದಿಗೆ ಪಕ್ಕದ ಮನೆಯ ಶಿವಬಸಮ್ಮನವರ ಬಾಣಂತಿ ಮಗಳ ಕೂಸು ಬೆಚ್ಚಿ ಅಳುತ್ತಿತ್ತು. ಹೊಗೆ ಸಲೀಸಾಗಿ ಹೋಗಬೇಕು, ಸದ್ದು ಬರಬಾರದು ಎಂದು ಮೆಕ್ಯಾನಿಕ್ ತಿಮ್ಮರಾಯಪ್ಪನಿಗೆ ಹೇಳಿದೆ.

"ದಪ್ಪ ಪೈಪು, ಉದ್ದನೆ ಸೈಲೆನ್ಸರ್ ಹಾಕ್ತೀನಿ ಸಾರ್. ಬೆಕ್ಕು ಬಂದಂಗೆ ಬರ್ತದೆ, ನೋಡ್ಕಳಿ."

ವಾಲ್ಯೂಮ್ ಹೆಚ್ಚಿದರೆ ಪ್ರೆಷರ್ ಈಸ್ ಇನ್ವರ್ಸ್‌ಲಿ... ಜಾಗ ಹೆಚ್ಚಾದಷ್ಟೂ ಒತ್ತಡ ಕಡಿಮೆ ಎಂದು ಕಾಲೇಜಿನಲ್ಲಿ ಕಲಿತದ್ದು, ಮುಂದಿನದು ಮರೆತಿದೆ.

ಕಾರು ಬೆಕ್ಕಿನ ಹಾಗೇ ಬಂತು. ಆದರೆ ನನ್ನಾಕೆ ತೀರಿಕೊಂಡಾಗಿನಿಂದ ಕಾರಿನ ಸದ್ದು ಕೇಳಿದ ಮೇಲೆಯೇ ಶಿವಬಸಮ್ಮನವರು ನನಗಾಗಿ ಕಾಂಪೌಂಡ್ ಗೋಡೆಯ ಮೇಲೆ ಅನ್ನ ಸಾರು ಇಡುವುದು. ಇವತ್ತು ಕಾದೆ, ಕಾದೆ. ಕೊನೆಗೆ ಅವರು ಮುಸುರೆ ನೀರು ಚೆಲ್ಲಲು ಹೊರಬಂದರು.

"ಅಯ್ಯೋ, ಯಾವಾಗ ಬಂದ್ರಿ? ಸದ್ದೇ ಇಲ್ಲ! ಹೊರಗೇ ಊಟ ಮಾಡ್ಕೊಂಡ್ ಬರ್ತೀರಿ ಅಂದ್ಕೊಂಡ್ವಲ್ಲ."

"ಹೌದಮ್ಮ, ಊಟ ಆಯ್ತು" ಎಂದುಬಿಟ್ಟೆ. "ಕೂಸು?"

"ಸಂಜೆಯಿಂದ ಹಾಯಾಗಿ ಮಲಗಿದೆ. ಬಾಣಂತಿನೂ ಇವತ್ತೇ ಕಣ್ತುಂಬ ನಿದ್ದೆ ಮಾಡಿದ್ದು" ಎಂದು ನಕ್ಕರು.

ಆ ಮುಖ ನೋಡಿದ ಮೇಲೆ ಹಸಿವಿನ ಮಾತು ಎತ್ತುವುದು ಹೇಗೆ? ನಾಳೆ ನಾನೇ ಹೋಗಿ ಬಾಗಿಲು ತಟ್ಟಬೇಕು. ತಟ್ಟಿ ಏನೆಂದು ಕೇಳುವುದು? ಹೋಗಲಿ, ಸೊಂಟ ನೋಯುತ್ತಿದೆ. ಒಂದಿಷ್ಟು ಅವಲಕ್ಕಿ ಇರಬೇಕು, ಮೊಸರು ಇದೆಯೋ ಇಲ್ಲವೋ ನೋಡಬೇಕು.