ತಳ ಹಿಡಿದ ಅನ್ನ

ಭಾನುವಾರ, ಬೆಳಿಗ್ಗೆ

ಪ್ರೀತಿಯ ಪುಟ್ಟಿ,

ನೀನೂ ಮಕ್ಕಳೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಕಾಗದಕ್ಕೆ ಇಷ್ಟು ದಿನ ಉತ್ತರ ಬರೆಯಲಿಲ್ಲವೆಂದು ಮುನಿಸಿಕೊಳ್ಳಬೇಡ. ಹೊಲಿಗೆ ಕೆಲಸ ಕೈತುಂಬ ಇತ್ತು, ಕಣ್ಣೂ ಮೊದಲಿನಂತಿಲ್ಲ.

ನಿನ್ನೆ ನಮ್ಮ ತಮ್ಮನ ಹೋಟೆಲಿಗೆ ಹೋಗಿದ್ದೆ. ಹೋಟೆಲ್ ಅಂದರೆ ಅವನಿಗೆ ಸಿಟ್ಟು, ರೆಸ್ಟೋರೆಂಟ್ ಅನ್ನಬೇಕು. ಜಪಾನಿನ ಅಡುಗೆಗೆ ಮನೆಯಡುಗೆ ಬೆರೆಸುತ್ತಾನಂತೆ. "ಅಕ್ಕಾ, ನೀನು ಬರಲೇಬೇಕು. ನಮ್ಮನೇದೇ ಒಂದು ಐಟಂ ಮಾಡ್ತಿದೀನಿ, ಎಲ್ಲರ ಮುಂದೆ ನಿನ್ನ ಬಗ್ಗೆ ನಾಲ್ಕು ಮಾತು ಹೇಳ್ತೀನಿ" ಅಂದಿದ್ದ. ಆ ನಾಲ್ಕು ಮಾತಿನ ಆಸೆಗೇ ಪೆಟ್ಟಿಗೆಯಲ್ಲಿದ್ದ ಒಳ್ಳೆಯ ಬಟ್ಟೆ ತೆಗೆದು ಇಸ್ತ್ರಿ ಮಾಡಿ ಉಟ್ಟುಕೊಂಡು ಹೋದೆ.

ಒಳಗೆ ಕಾಲಿಟ್ಟಾಗಲೇ ಮೂಗಿಗೆ ಸೆರಗು ಹಿಡಿದೆ. ಕರಿ ಗೋಡೆ, ಅರೆಗತ್ತಲು, ಬಂದವರ ಸೆಂಟಿನ ಘಾಟು. ಉದ್ದನೆಯ ಮರದ ಕಟ್ಟೆಯ ಮುಂದೆ ಎಲ್ಲರೂ ಸಾಲಾಗಿ ಕೂರಬೇಕು. ಆಚೆ ನಿಂತು ಇವನು ಮಾಡಿ ಕೊಡುತ್ತಾನೆ, ಪ್ರತಿಯೊಂದಕ್ಕೂ ಒಂದು ಕಥೆ ಹೇಳುತ್ತಾನೆ. ಬೇಕಾದ್ದು ಕೇಳುವ ಹಾಗಿಲ್ಲ, ಕೊಟ್ಟದ್ದು ತಿನ್ನಬೇಕು. ಹಸಿ ಮೀನನ್ನು ಕಲ್ಲಿನ ಮೇಲಿಟ್ಟು ಕೊಟ್ಟ, ತಟ್ಟೆಗೇನು ಬರವೋ. ತಣ್ಣಗೆ, ಲೋಳೆಲೋಳೆಯಾಗಿ, ನನ್ನ ನಾಲಿಗೆಯನ್ನೇ ಅಗಿದ ಹಾಗಾಯಿತು. ನಿಜ ಹೇಳುತ್ತೇನೆ, ಕರವಸ್ತ್ರಕ್ಕೆ ಉಗಿದೆ. ಪಕ್ಕದ ಹೆಂಗಸು ಅದನ್ನೇ ಕಣ್ಣು ಮುಚ್ಚಿ ಚಪ್ಪರಿಸಿ ನರಳುತ್ತಿದ್ದಳು.

ಕೊನೆಗೆ ಆ ಐಟಂ ಬಂತು. ನೋಡಿದರೆ ತಳ ಹಿಡಿದ ಅನ್ನ ಕಣೇ. ಸೀದ ಚೂರು, ಮೇಲೆ ಚಿಮಟದಲ್ಲಿ ಎತ್ತಿಟ್ಟ ಮೀನಿನ ಮೊಟ್ಟೆ. ಅಮ್ಮ ಹೋದಮೇಲೆ ಮೆತ್ತನೆಯ ಅನ್ನವನ್ನೆಲ್ಲ ಅವನಿಗೆ ಬಡಿಸಿ, ನೀನೂ ನಾನೂ ಪಾತ್ರೆ ಕೆರೆದು ತಿನ್ನುತ್ತಿದ್ದೆವಲ್ಲ, ಅದೇ. ಹುಡುಗ ಮರೆತಿಲ್ಲ ಅಂದುಕೊಂಡೆ, ಕಣ್ಣು ತುಂಬಿ ಬಂತು.

ಅವನು ಕೈ ಒರೆಸಿಕೊಂಡು, "ಚಿಕ್ಕೋನಿದ್ದಾಗ ಮನೇಲಿ ನನಗೆ ಹಾಕ್ತಿದ್ದದ್ದು ಇದೇ. ಒಳ್ಳೆ ಅನ್ನ ಬೇರೆಯವರಿಗೆ, ತಳ ನನಗೆ" ಅಂದ. ದನಿ ಬೇರೆ ನಡುಗಿಸಿದ. ಸಾಲಿನವರೆಲ್ಲ ಅಯ್ಯೋ ಪಾಪ ಅಂದರು. ಥೂ, ಎಂಥ ನಾಟಕ. ಎಷ್ಟು ಬಾಯಿ ಮುಕ್ಕಳಿಸಿದರೂ ಆ ಹೇಸಿಗೆ ಹೋಗುತ್ತಿಲ್ಲ.

ನೀನು ಹೊತ್ತುಹೊತ್ತಿಗೆ ಬಿಸಿಯಾಗಿ ಉಣ್ಣು. ಮಕ್ಕಳ ತಲೆಯನ್ನು ನನ್ನ ಪರವಾಗಿ ನೇವರಿಸು. ಎಲ್ಲರೂ ನೂರು ಕಾಲ ತಣ್ಣಗಿರಿ.

ನಿನ್ನ
ಅಕ್ಕ

ತಾ.ಕ.: ಬರೆಯಬಾರದು ಅಂದುಕೊಂಡಿದ್ದೆ. ಪಕ್ಕದ ಹೆಂಗಸು, "ಅಷ್ಟು ಸಣ್ಣ ಮಗೂಗೆ ಇದನ್ನ ಹಾಕ್ತಿದ್ದೋರು ಯಾರು?" ಅಂತ ಕೇಳಿದಳು. ಅವನು ನಗುತ್ತ ಚಿಮಟವನ್ನು ನನ್ನ ಕಡೆ ತೋರಿಸಿ, "ಇವರೇ, ನಮ್ಮಕ್ಕ" ಅಂದ. ನನ್ನ ಬಗ್ಗೆ ಅವನಾಡಿದ ಮಾತು ಅಷ್ಟೇ. ಎಲ್ಲರೂ ತಿರುಗಿ ನನ್ನನ್ನು ನೋಡಿದರು. ಅಷ್ಟು ಜನರ ಮುಂದೆ ಅವನ ಮಾನ ಹೋಗಬಾರದಲ್ಲ, ಹೌದೆಂದು ತಲೆಯಾಡಿಸಿಬಿಟ್ಟೆ.