ಕವಚ ಸಡಿಲಿಸಿದರೂ ಹೋಗದ ನೋವು

ರಂಗಸಿಂಹಿಣಿಯಾದ ನನ್ನವ್ವಾ, ಲಾಲಿಸು!

ನಿನ್ನ ಮಾತು ಮೀರಿ ಎದೆಗೆ ಸಿಲಿಕೋನ್ ಇಡಿಸಿಕೊಂಡಿದ್ದೆನಲ್ಲ, ಎಡಗಡೆಯದು ಒಡೆದಿದೆಯಂತೆ. ಆರು ತಿಂಗಳಿಂದ ನೋವಿದ್ದರೂ ಚಿತ್ರಾಂಗದೆಯ ಕವಚವೇ ಬಿಗಿಯೆಂದು ಪ್ರತಿ ನಾಟಕದಲ್ಲೂ ದಾರ ಸಡಿಲಿಸುತ್ತಿದ್ದೆ. ಇವತ್ತು ತುಮಕೂರಿನಲ್ಲಿ ಸ್ಕ್ಯಾನ್ ನೋಡಿದ ಡಾಕ್ಟರಮ್ಮ, "ಕ್ಯಾನ್ಸರ್ ಅಲ್ಲ, ಆದರೆ ತೆಗೆಸಲೇಬೇಕು" ಎಂದರು.

"ತೆಗುಸ್ಬುಟ್ರೆ ಮಧುಗಿರೀಲಿ ನಂಗೆ ಪಾರ್ಟು ಯಾರು ಕೊಡ್ತಾರೆ ಮೇಡಂ?" ಎಂದು ಗರ್ಜಿಸಿದೆ.

ಬಾಗಿಲಾಚೆ ಸಾಲಿನಲ್ಲಿದ್ದ ಅಜ್ಜಿಯೊಬ್ಬಳು ಇಣುಕಿ, "ಆ ಗಂಟ್ಲಿದ್ರೆ ಸಾಕು ಕಣಮ್ಮ, ಪಕ್ಕದೂರಿಗೂ ಕೇಳ್ತದೆ!" ಎಂದು ನಕ್ಕಳು.

ಸಿಲಿಕೋನ್ ಬೇಡವೆಂದ ದಿನ ನೀನೂ ಅದನ್ನೇ ಹೇಳಿದ್ದೆ. ಆಮೇಲೆ ನೀನು ಬದುಕಿದ್ದಷ್ಟು ದಿನವೂ ನಾನು ಮನೆಗೆ ಬರಲಿಲ್ಲ.

ಆಪರೇಷನ್ ದಿನ ಜೊತೆಗಿರುವವರು ಯಾರೆಂದು ನರ್ಸ್ ಕೇಳಿದಳು. "ಹೊನ್ನಕ್ಕ, ನಮ್ಮವ್ವ" ಎಂದುಬಿಟ್ಟೆ. ಅವಳು ಬರೆದುಕೊಂಡಳು. ನಾನು ತಿದ್ದಲಿಲ್ಲ.

ನಿನ್ನ ಗಂಗಿ