ಬಿಳಿಯ ಓಡಲಿಲ್ಲ

ತಮ್ಮ ಬೈರಪ್ಪ,

ನೀನು ತೀರಿಹೋದ ಮೇಲೂ ಎತ್ತಿನ ಓಟದ ಸುದ್ದಿ ನಿನಗೆ ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ.

ಮರಳವಾಡಿಯಲ್ಲಿ ಈ ಸಲ ಹೊಸ ನಿಯಮ. ಗಾಡಿ ಕಟ್ಟುವ ಮೊದಲು ದನದ ಡಾಕ್ಟರು ಪ್ರತಿ ಎತ್ತನ್ನೂ ನಡೆಸಿ ನೋಡುತ್ತಾರೆ, ರಕ್ತವನ್ನೂ ತೆಗೆಯುತ್ತಾರೆ. ನೋವು ಮರೆಸುವ ಇಂಜೆಕ್ಷನ್ ಕೊಡುವ ಹಾಗಿಲ್ಲ. ನಮ್ಮ ಎತ್ತು ಬಿಳಿಯ, ಮುಂಗಾಲನ್ನು ಒಸಿ ಎಳೆಯುತ್ತಿದ್ದ. ಡಾಕ್ಟರು ಬೇಡವೆಂದರು.

ನಿನ್ನ ಮಗ ನಾಗರಾಜು ಗೊಣಗಿದ: "ದೊಡ್ಡಪ್ಪ, ಮೊದ್ಲೆಲ್ಲ ಒಂದು ಸೂಜಿ ಹಾಕ್ಸುದ್ರೆ ಓಡ್ಬುಡ್ತಿದ್ವಂತೆ?"

"ಓಡ್ತಿದ್ವು ಕಣ್ಲಾ," ಅಂದೆ. ಬಿಳಿಯನ ಹಗ್ಗ ಹಿಡಿದು ಊರ ಕಡೆ ಹೊರಟೆ.

ಸೂಜಿ ಹಾಕಿಸಿಕೊಂಡು ಓಡಿದ ನಿನ್ನ ಎತ್ತು ಕೆಂದ ಬಿದ್ದು ಸತ್ತ ದಿನ, ನೀನು ಬರೀ ಹಗ್ಗ ಹಿಡಿದು ಬಂದೆಯಲ್ಲ, ಅದೇ ದಾರಿಯಲ್ಲಿ ನಿಧಾನವಾಗಿ ನಡೆದು ಬಂದೆವು. ಇವತ್ತು ಹಗ್ಗದ ತುದಿಯಲ್ಲಿ ಎತ್ತು ಇತ್ತು, ಬೈರ.

ನಿನ್ನ ಅಣ್ಣ